ಗುಡ್ಡವಿದ್ದ ಜಾಗ

ನುಗ್ಗೇಹಳ್ಳಿ ಕಡೆ ಒಂದು ಕಲ್ಲುಕ್ವಾರಿ ಅಳೆಯಲು ಹೋಗಿದ್ದೆ. ಯಾವುದೋ ಕಾಲದಲ್ಲಿ ಜ್ವಾಲಾಮುಖಿ ಉಗುಳಿದ ಕರಿಕಲ್ಲಿನ ಗುಡ್ಡವಂತೆ ಅದು. ಈಗ ಬರೀ ಗುಂಡಿ. ಬ್ರಿಟಿಷರ ಕಾಲದ ನಕ್ಷೆಯಲ್ಲಿ ಮಾತ್ರ ಗುಡ್ಡ ಇನ್ನೂ ಗಟ್ಟಿಯಾಗಿ ನಿಂತಿತ್ತು. ಅದರ ನಡುವಿನ ಇಳಿಜಾರಿನಲ್ಲಿ ಸ್ಮಶಾನದ ಗುರುತೂ ಇತ್ತು.

ಹಿರಿಯರ ಹಬ್ಬದ ಎಡೆ ಹಿಡಿದು ಬಂದ ಮುದುಕರೊಬ್ಬರು ನಕ್ಷೆ ನೋಡಿ ನಿಂತರು. "ಸಾ, ನಮ್ಮವ್ವನ್ನ ಆ ಸ್ಮಶಾನದಾಗೇ ಮಣ್ಣು ಮಾಡಿದ್ದು. ಈಗ ಎಡೆ ಎಲ್ಲಿಕ್ಕಲಿ, ವಸಿ ನೋಡಿ ಯೋಳಿ."

ಮೊಬೈಲಿಗೆ ನಕ್ಷೆ ಹೊಂದಿಸಿ ಹುಡುಕಿದೆ. ಜಾಗವೇನೋ ಸಿಕ್ಕಿತು, ಅಲ್ಲಿ ನೆಲವೇ ಇರಲಿಲ್ಲ. ಕೊನೆಗೆ ಗುಂಡಿಯ ಮೇಲೆ, ಆಕಾಶದತ್ತ ಬೆರಳು ತೋರಿಸಿದೆ.

"ಅಷ್ಟೆತ್ತರದಾಗಾ?" ಎಂದರು. ಎಡೆಯನ್ನು ಗುಂಡಿಯ ಅಂಚಿನಲ್ಲಿಟ್ಟು, ತಲೆಯೆತ್ತಿ ಕೈಮುಗಿದರು.

ನನಗೆ ಅಳೆಯಲು ಹೇಳಿದ್ದು ಆಳವನ್ನು ಮಾತ್ರ. ಎತ್ತರ ಆಫೀಸಿನಲ್ಲಿ ಯಾರಿಗೂ ಬೇಕಿರಲಿಲ್ಲ.