ಟೊಪ್ಪಿ ತೆಗೆಯದ ಪೆನ್ನು

ಶಿರಸಿಯ ಆ ವಕೀಲರು ಯಾರು ಏನು ಬರೆಸಲು ಹೋದರೂ ಅದೊಂದು ಪ್ರಶ್ನೆ ಕೇಳುತ್ತಿದ್ದರಂತೆ. ನಮಗೆ ಅದು ಗೊತ್ತಿರಲಿಲ್ಲ.

ಮದುವೆ ಮುಂಜಿಗೆ ಎಲ್ಲರೂ ಒಯ್ಯುತ್ತಿದ್ದ, ನಮ್ಮನೆ ಅಟ್ಟದಲ್ಲಿ ಇರುತ್ತಿದ್ದ ಊರೊಟ್ಟಿನ ಅಡುಗೆ ಪಾತ್ರೆಗಳಿಗೆ ಒಂದು ಟ್ರಸ್ಟ್ ಮಾಡಬೇಕೆಂದು ಹೊರಟಿದ್ದೆವು. ತೊಂಬತ್ತರ ದಶಕದ ಕೊನೆಯಿರಬೇಕು. ನಾನು, ಚಿಕ್ಕಪ್ಪ, ಪಕ್ಕದ ಮನೆಯ ಮಾಬ್ಲಣ್ಣ ಹುಲೇಕಲ್ ಬಸ್ಸಿನ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ಹೋದೆವು.

ವಕೀಲರು ಎಲೆಯಡಿಕೆಯ ಕವಳ ಜಗಿಯುತ್ತ ಎಲ್ಲ ಕೇಳಿಸಿಕೊಂಡರು. ಪೆನ್ನು ಕೈಯಲ್ಲೇ ಇತ್ತು, ಅದರ ಟೊಪ್ಪಿ ಮಾತ್ರ ತೆಗೆಯಲಿಲ್ಲ.

"ಅದೆಲ್ಲ ಸರಿ. ಯಾರಿಗೆ ಹೆದರ್ಕಂಡು ಮಾಡಸ್ತ್ರಿ?"

"ಹಂಗೇನಿಲ್ಲೆ, ಒಂದು ಭದ್ರ ಇರ್ಲಿ ಹೇಳಿ," ಎಂದರು ಚಿಕ್ಕಪ್ಪ.

"ಇಷ್ಟು ವರ್ಷದಲ್ಲಿ ಒಂದಾದ್ರೂ ಪಾತ್ರೆ ಕಳದು ಹೋಯ್ದ?"

"ಇಲ್ಲೆ."

"ಹಂಗಾದ್ರೆ ಯಾರಿಗೆ ಹೆದರ್ಕಂಡು?"

ಮಾಬ್ಲಣ್ಣ ನನ್ನ ಮುಖ ನೋಡಿದ. ನಾನು ಚಿಕ್ಕಪ್ಪನ ಮುಖ ನೋಡಿದೆ. ಚಿಕ್ಕಪ್ಪ ಕಿಟಕಿಯಾಚೆ ನೋಡಿದರು.

ವಕೀಲರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಗೊತ್ತಾದ ಮೇಲೆ ಬನ್ನಿ, ಬರಕೊಡ್ತೆ."

ಆ ಪ್ರಶ್ನೆ ಕೇಳಿ ಅವರು ಮಾಡಿದ್ದು ಉಪಕಾರವೋ ಅಪಕಾರವೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಅದಕ್ಕೇ ಇರಬೇಕು, ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು.