ಬೆಳಕಿಗೆ ಕಿವಿ ಇದೆಯಾ ಎಂದ ಸಾಹೇಬರು

ಸಿಮೆಂಟು ಕಾರ್ಖಾನೆ, ಕಲ್ಲುಗಣಿಗಳ ಊರು ವಾಡಿಯಲ್ಲಿ ಬೇವಿನ ಎಲೆಯೂ ಸಿಮೆಂಟಿನ ಬಣ್ಣದ್ದು. ಅಂಥ ಊರಿನಲ್ಲಿ ನಮ್ಮ ದೂರವಾಣಿ ಇಲಾಖೆಯ ಸಾಹೇಬರ ಬೂಟು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಹೊಳೆಯದೆ ಏನು? ಜೀಪಿನಿಂದ ಕುರ್ಚಿಗೆ, ಕುರ್ಚಿಯಿಂದ ಜೀಪಿಗೆ, ಅಷ್ಟೇ ಅವರ ನಡಿಗೆ. ಕೂರುವ ಮುನ್ನ ಕುರ್ಚಿಗೆ ಕರವಸ್ತ್ರ ಹಾಸುತ್ತಿದ್ದರು. ನಾವು ಬಾಯಿ ತೆರೆದರೆ ತುಟಿ ಕೊಂಕಿಸಿ, "ಇದೂ ಕನ್ನಡವೇನ್ರೀ?" ಎನ್ನುತ್ತಿದ್ದರು. ಹದಿನೈದು ವರ್ಷದ ನೌಕರಿಯಲ್ಲಿ ಒಂದು ತಂತಿಯನ್ನೂ ಕೈಯಾರೆ ಮುಟ್ಟಿದ ಮನುಷ್ಯನಲ್ಲ.

ಎಂಬತ್ತರ ದಶಕದ ಕೊನೆ. ವಾಡಿಯಿಂದ ಶಹಾಬಾದಿಗೆ ದೂರವಾಣಿಯ ಹೊಸ ಕೇಬಲ್ ಬಿದ್ದಿತ್ತು. ಒಳಗೆ ತಾಮ್ರವಲ್ಲ, ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಕಣ್ಣಿಗೆ ಕಾಣದ ಲೇಸರ್ ಬೆಳಕು ಅದರಲ್ಲಿ ಮಾತು ಹೊತ್ತು ಓಡುತ್ತಿತ್ತು. ಆ ಬೆಳಕನ್ನು ಅಳೆಯುವುದು ನನ್ನ ಕೆಲಸ. ಎಳೆಗೆ ಎಳೆ ಜೋಡಿಸುತ್ತಿದ್ದವರು ಶಹಾಬಾದಿನ ಒಬ್ಬ ಹಿರಿಯರು, ನಮಗೆಲ್ಲ ಚಾಚಾ.

ದಿನಾ ಮಧ್ಯಾಹ್ನ ಲೈನಿನಲ್ಲಿ ಮಾತು ಒಡೆಯತೊಡಗಿತು. ಚಾಚಾ ಎರಡೇ ದಿನದಲ್ಲಿ ಕಾರಣ ಹಿಡಿದರು.

"ಸಾಹೇಬ್ರ, ಗಣಿಯಾಗ ಮದ್ದು ಹಾರಿಸ್ದಾಗ ನೆಲ ನಡಗತದ್ರಿ. ಕೇಬಲ್ ಬರೀ ಬಂಡಿಗಲ್ಲ ಮ್ಯಾಲ ಕುಂತದ. ಎಳಿ ಅಳ್ಳಾಡಿದ್ರ ಬೆಳಕು ಚೆದರ್ತದ. ಕೆಳಗ ಉಸುಕು ಹಾಕೋಣ್ರಿ."

ಬೇಗ ಮುಗಿಸಿ, ಕೇಬಲ್ ಕೆಳಗೆ ಮರಳಿನ ಹಾಸು ಬೇಡ ಎಂದಿದ್ದವರು ಸಾಹೇಬರೇ. ನಕ್ಕರು. "ಬೆಳಕಿಗೆ ಕಿವಿ ಇದೆಯಾ, ಸದ್ದಿಗೆ ಹೆದರೋಕೆ? ನಿನ್ನ ಜೋಡಣೆ ಕೆಟ್ಟಿದೆ ಅನ್ನು."

ನಾನು ಹತ್ತು ದಿನ ಮೀಟರಿನ ಮುಂದೆ ಕುಳಿತು ಮದ್ದು ಸಿಡಿದ ವೇಳೆ, ಮುಳ್ಳು ಕುಸಿದ ವೇಳೆ ಎರಡನ್ನೂ ಬರೆದಿಟ್ಟೆ. ಒಂದು ಸಲವೂ ತಪ್ಪಿರಲಿಲ್ಲ. ಸಾಹೇಬರು ಆ ನೋಟ್‌ಬುಕ್ಕನ್ನು ಓದದೆ ಮೇಜಿನ ಖಾನೆಗೆ ಹಾಕಿದರು. ಸಂಜೆಯೊಳಗೆ, ಜೋಡಣೆ ಕೆಟ್ಟದ್ದೆಂದು ಚಾಚಾರನ್ನು ಕೆಲಸದಿಂದ ತೆಗೆದರು. ನಾನು ಅಲ್ಲೇ ಇದ್ದೆ. ತುಟಿ ಬಿಚ್ಚಲಿಲ್ಲ.

ಮುಂದಿನ ವಾರ ಬೆಂಗಳೂರಿನಿಂದ ದೊಡ್ಡ ಅಧಿಕಾರಿ ಬಂದರು. ಅವರ ಕಣ್ಣೆದುರೇ ಗಣಿ ಗುಡುಗಿತು, ಮುಳ್ಳು ಕುಸಿಯಿತು. ಸಾಹೇಬರು ಚೂರೂ ತಡವರಿಸದೆ ಖಾನೆ ಎಳೆದು, ಪಕ್ಕದಲ್ಲೇ ನಿಂತಿದ್ದ ನನ್ನೆದುರೇ ನನ್ನ ಅಕ್ಷರದ ಪುಟಗಳನ್ನು ಬಿಡಿಸಿಟ್ಟರು.

"ಹತ್ತು ದಿನದಿಂದ ನಾನೇ ಗಮನಿಸ್ತಿದ್ದೀನಿ ಸಾರ್. ನೆಲ ನಡುಗಿದ್ರೆ ಬೆಳಕು ಚೆದುರುತ್ತೆ."

ಕೇಬಲ್ ಕೆಳಗೆ ಉಸುಕು ಬಿತ್ತು, ಲೈನು ನೆಟ್ಟಗಾಯಿತು. ಸಾಹೇಬರಿಗೆ ಮೆಚ್ಚುಗೆ ಪತ್ರ, ಬಡ್ತಿ. ಚಾಚಾ ಶಹಾಬಾದಿನಲ್ಲಿ ಹಾಸುಗಲ್ಲಿಗೆ ಪಾಲಿಶ್ ಹಾಕುತ್ತಿದ್ದರು. ಹೋಗಿ ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು: "ನೀನೂ ಅಲ್ಲೇ ನಿಂತಿದ್ದಿ ಹೌದಿಲ್ಲೋ? ಒಂದು ಮಾತು ಆಡ್ಲಿಲ್ಲೇನು?"

ಅಂದು ಸಾಹೇಬರ ಮೇಲಿದ್ದ ಹೇಸಿಗೆಯಲ್ಲಿ ಅರ್ಧ ನನ್ನ ಪಾಲಿಗೂ ಬಂತು.

ಎಷ್ಟೋ ವರ್ಷದ ಮೇಲೆ ಸಾಹೇಬರು ತೀರಿಕೊಂಡರು. ಸಂತಾಪ ಸಭೆಯಲ್ಲಿ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹೊರಡುವಾಗ ಅವರ ಹೆಂಡತಿ ಬಾಗಿಲಲ್ಲಿ ತಡೆದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

"ಈ ಕಥೆ ಮನೇಲಿ ಎಷ್ಟೋ ಸಲ ಹೇಳಿದಾರೆ," ಎಂದರು ಮೆಲ್ಲಗೆ, "ಅದರಲ್ಲಿ ನೀವೂ ಇರಲಿಲ್ಲ, ನಿಮ್ಮ ಚಾಚಾನೂ ಇರಲಿಲ್ಲ."