ಚಾ ಕುಡಿಯದ ನಾಲ್ಕು ದಿನ

ಉಮ್ಮನ ರಂಝಾನ್ ಉಪವಾಸ ತಪ್ಪಿಸಿದವಳು ನಾನು. ಡಾಕ್ಟರಲ್ಲ, ಕಾಯಿಲೆಯೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಬಕದ ಮನೆಗೆ ಬಂದವರೆಲ್ಲ ಈಗಲೂ ನನ್ನನ್ನು ಉಮ್ಮನ ಆರೋಗ್ಯ ಕಾಪಾಡಿದ ಮಗಳು ಎಂದು ಹೊಗಳುತ್ತಾರೆ. ಆ ಹೊಗಳಿಕೆ ಶುರುವಾದರೆ ನಾನು ಎದ್ದು ಒಳಗೆ ಹೋಗುತ್ತೇನೆ.

ಪುತ್ತೂರಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ವಿಷಯ ಗೆರೆಗಳು. ಬಿಡಿ ಅಂಕಿಗಳ ಬದಲು ಇಡೀ ದಿನ ಏರಿಳಿಯುವ ಒಂದು ಗೆರೆಯನ್ನೇ ಒಂದು ಘಟಕವೆಂದು ತೆಗೆದುಕೊಂಡು, ಅಂಥ ನೂರಾರು ಗೆರೆಗಳನ್ನು ಕಂಪ್ಯೂಟರಿಗೆ ತೋರಿಸಿ, ಮುಂದೇನಾದೀತು ಎಂದು ಊಹಿಸಲು ಅದಕ್ಕೆ ಕಲಿಸುವ ಕೆಲಸ. ಗೆರೆಗಳಿಗಾಗಿ ನಾನು ದೂರ ಹೋಗಬೇಕಿರಲಿಲ್ಲ. ಉಮ್ಮನಿಗೆ ಸಕ್ಕರೆ ಕಾಯಿಲೆ. ಅವರ ತೋಳಿಗೆ ಅಂಟಿಸಿದ ಸೆನ್ಸರ್ ಹಗಲು ರಾತ್ರಿ ರಕ್ತದ ಸಕ್ಕರೆ ಅಳೆದು ನನ್ನ ಮೊಬೈಲಿಗೆ ಕಳಿಸುತ್ತಿತ್ತು.

ಗೆರೆಗಳನ್ನು ಹೋಲಿಸಬೇಕಾದರೆ ಮೊದಲು ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ಉಮ್ಮ ಒಂದು ದಿನ ಏಳು ಗಂಟೆಗೆ ಚಾ ಕುಡಿದರೆ ಇನ್ನೊಂದು ದಿನ ಎಂಟಕ್ಕೆ. ಹಾಗಾಗಿ ಬೆಳಗಿನ ಚಾ ಕುಡಿದಾಗ ಏಳುವ ದಿಬ್ಬವನ್ನೇ ಗುರುತಾಗಿಟ್ಟುಕೊಂಡು ಎಲ್ಲ ದಿನಗಳನ್ನೂ ಅದಕ್ಕೆ ಹೊಂದಿಸಿದೆ. ದಿಬ್ಬ ಸಿಗದ ದಿನವನ್ನು ಸೆನ್ಸರ್ ದೋಷವೆಂದು ಕೈಬಿಡುವಂತೆ ಪ್ರೋಗ್ರಾಂ ಬರೆದೆ. ಬೇರೆ ಯಾರೋ ಹೀಗೆ ಬರೆದಿದ್ದರೆ ಕ್ಷಮಿಸಬಹುದಿತ್ತು. ನಾನು ವರ್ಷಕ್ಕೊಂದು ತಿಂಗಳು ಬೆಳಗಿನ ಚಾ ಇಲ್ಲದ ಮನೆಯಲ್ಲಿ ಬೆಳೆದವಳು.

ರಂಝಾನ್ ಹತ್ತಿರವಾದಾಗ ಉಮ್ಮ ನನ್ನನ್ನು ಕರೆದುಕೊಂಡು ಪುತ್ತೂರಿನ ಡಾಕ್ಟರಲ್ಲಿಗೆ ಹೋದರು. ಡಾಕ್ಟರು ರಕ್ತಪರೀಕ್ಷೆಯ ಕಾಗದ ನೋಡಿ, “ಮಾತ್ರೆಯ ಹೊತ್ತು ಬದಲು ಮಾಡುವ. ಒಂದು ದಿನ ಉಪವಾಸ ಹಿಡಿದು ನೋಡಿ. ಸಕ್ಕರೆ ಇಳಿದರೆ ಕೂಡಲೇ ಬಿಡ್ಬೇಕು, ಹಟ ಮಾಡ್ಲಿಕ್ಕಿಲ್ಲ,” ಎಂದರು.

ನನಗೆ ಅದು ಸಾಲಲಿಲ್ಲ. ಒಂದು ದಿನ ನೋಡುವುದೆಂದರೆ ಎಂತ ವಿಜ್ಞಾನ ಎಂಬ ಜಂಬ. ಮನೆಗೆ ಬಂದು, ಉಮ್ಮನ ಮಾಮೂಲಿ ಗೆರೆಯಿಂದ ತಿಂಡಿ ಮತ್ತು ಊಟದ ದಿಬ್ಬಗಳನ್ನು ಅಳಿಸಿ, ನಾನು ಕಲಿಸಿದ್ದ ಕಂಪ್ಯೂಟರ್ ಮಾದರಿಯ ಮುಂದಿಟ್ಟೆ. ಉಪವಾಸದ ಒಂದು ದಿನವನ್ನೂ ಕಲಿಯದ ಆ ಮಾದರಿ, ಇಳಿಮಧ್ಯಾಹ್ನದ ಅಸರ್ ನಮಾಝಿನ ಹೊತ್ತಿಗೆ ಗೆರೆಯನ್ನು ಅಪಾಯದ ಮಟ್ಟಕ್ಕಿಂತ ಕೆಳಗೆ ಇಳಿಸಿ ತೋರಿಸಿತು. ಅದನ್ನು ಮನೆಯವರೆಲ್ಲರೆದುರು ಉಮ್ಮನ ಮುಂದೆ ಹಿಡಿದೆ.

“ನನಗೆ ಆಗ್ತದೆ. ನನಗೆ ಗೊತ್ತುಂಟು,” ಎಂದರು ಉಮ್ಮ.

“ನಿಮಗೆ ಹೇಗೆ ಗೊತ್ತು? ಇದು ನಿಮ್ಮದೇ ಗೆರೆ, ನೋಡಿ.”

ಅವರು ಏನೋ ಹೇಳಲು ಹೊರಟವರು ಎದ್ದು ಅಡುಗೆಕೋಣೆಗೆ ಹೋದರು. ನನಗೂ ಉತ್ತರ ಬೇಕಿರಲಿಲ್ಲ, ಗೆಲುವು ಬೇಕಿತ್ತು. ಅದು ಸಿಕ್ಕಿತು.

ಆ ತಿಂಗಳಿಡೀ ಉಮ್ಮ ಬೆಳಗಾಗುವ ಮೊದಲೇ ಎದ್ದು ನಮಗೆಲ್ಲ ಬಡಿಸಿದರು. ತಾವು ಮಾತ್ರ ಹಗಲು ಹಿಂದಿನ ಅಡುಗೆಕೋಣೆಯಲ್ಲಿ, ಯಾರಿಗೂ ಕಾಣದಂತೆ, ಗೋಡೆಗೆ ಮುಖ ಮಾಡಿ ನಿಂತು ಎರಡು ತುತ್ತು ನುಂಗುತ್ತಿದ್ದರು. ಬಿಟ್ಟ ಉಪವಾಸಗಳಿಗೆ ಪರಿಹಾರವಾಗಿ ಬಡವರಿಗೆ ಅಕ್ಕಿ ಕೊಟ್ಟರು. ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮಳೆಗಾಲ ಮುಗಿಯುವಾಗ ಅವರ ಕಿಡ್ನಿಗೆ ತೊಂದರೆ ಬಂತು. ಇನ್ನು ಯಾವತ್ತೂ ಉಪವಾಸದ ಮಾತೆತ್ತಬಾರದು ಎಂದು ಅದೇ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಹಿಡಿಯಬಹುದಾಗಿದ್ದ ಕೊನೆಯ ರಂಝಾನನ್ನು ನಾನು ಕಿತ್ತುಕೊಂಡಿದ್ದೆ. ಆಗಲೂ ನನಗೆ, ಅವರಿಂದ ಹೇಗೂ ಆಗುತ್ತಿರಲಿಲ್ಲವಲ್ಲ ಎಂಬ ಒಂದು ಸಮಾಧಾನವಿತ್ತು.

ಅದನ್ನೂ ಕಳೆದವರು ನನ್ನ ಪಿಎಚ್‌ಡಿ ಪ್ರಬಂಧದ ಪರೀಕ್ಷಕರು. ನಾಲ್ಕು ದಿನ ಕೈಬಿಟ್ಟಿದ್ದೀರಿ, ಅವು ದೋಷದ ದಿನಗಳೆಂದು ಹೇಗೆ ಗೊತ್ತಾಯಿತು ಎಂದು ಬರೆದು ಕೇಳಿದ್ದರು. ಸ್ಟಾಫ್ ರೂಮಿನಲ್ಲಿ ಕೂತು ಮೊದಲ ಬಾರಿಗೆ ಆ ನಾಲ್ಕು ಗೆರೆಗಳನ್ನು ಕಣ್ಣಿಟ್ಟು ನೋಡಿದೆ. ಮುಂಜಾನೆಯ ಒಂದು ಏರಿಕೆಯ ನಂತರ ಸಂಜೆಯವರೆಗೆ ಒರೆಸಿದ ನೆಲದಷ್ಟು ಸಮ. ಮಗ್‌ರಿಬ್ ಬಾಂಗಿನ, ಅಂದರೆ ಉಪವಾಸ ಬಿಡುವ, ಹೊತ್ತಿಗೆ ಮತ್ತೆ ಏರಿಕೆ. ನನ್ನ ಮಾದರಿ ಹೆದರಿಸಿದ್ದ ಅಸರಿನ ಹೊತ್ತಿನಲ್ಲಿ ಗೆರೆ ಅಲುಗಿರಲೇ ಇಲ್ಲ. ವಾರ ನೋಡಿದೆ: ಸೋಮವಾರ, ಗುರುವಾರ, ಸೋಮವಾರ, ಗುರುವಾರ. ನಮ್ಮವರು ಸ್ವಂತ ಇಷ್ಟದಿಂದ ಉಪವಾಸ ಹಿಡಿಯುವ ದಿನಗಳು. ಬೆಳಿಗ್ಗೆ ಬಸ್ಸು ಹತ್ತಿ ಕತ್ತಲಾದ ಮೇಲೆ ಇಳಿಯುವ ನನಗೆ ಗೊತ್ತೇ ಆಗಿರಲಿಲ್ಲ.

ಅಂದು ಬೇಗ ಮನೆಗೆ ಬಂದೆ. ಉಮ್ಮ ಬಸಳೆ ದಂಟು ಮುರಿಯುತ್ತ ಕೂತಿದ್ದರು. ರಂಝಾನಿಗಿಂತ ಮೊದಲು ನಾಲ್ಕು ಉಪವಾಸ ಹಿಡಿದಿದ್ದಿರಾ ಎಂದು ಕೇಳಿದೆ.

“ಹೌದು. ನಿನ್ನ ಪೇಪರ್ ವಾಪಸು ಬಂದು ನೀನು ಊಟ ಬಿಟ್ಟು ಮಲಗಿದ್ದಿಯಲ್ಲ, ಆಗ ನೇರ್ಚೆ ಮಾಡಿದ್ದು. ಎರಡನೇ ಸಲ ಕಳಿಸುವಾಗ ಪಾಸಾಗ್ಲಿ ಅಂತ.”

ನೇರ್ಚೆ ಎಂದರೆ ಹರಕೆ. ಪೇಪರ್ ಎಂದರೆ ಇದೇ ಗೆರೆಗಳ ಬಗ್ಗೆ ನಾನು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದ್ದ ಲೇಖನ. “ಆವತ್ತು ಅಷ್ಟು ಜಗಳ ಆಯ್ತಲ್ಲ, ಆಗ ಹೇಳಬಹುದಿತ್ತಲ್ಲ ಉಮ್ಮ?”

“ನೇರ್ಚೆ ಹೇಳಿಕೊಂಡು ತಿರುಗ್ಲಿಕ್ಕುಂಟಾ?” ಎಂದು ಮತ್ತೊಂದು ದಂಟು ಕೈಗೆತ್ತಿಕೊಂಡರು. ಅದನ್ನು ಮುರಿಯುತ್ತ ತಾವೇ ಕೇಳಿದರು, “ಪಾಸಾಯ್ತಲ್ಲ ನಿನ್ನದು. ಆ ನಾಲ್ಕು ದಿನ ಉಪಯೋಗಕ್ಕೆ ಬಂತಾ?”

ಸೆನ್ಸರ್ ದೋಷದಿಂದಾಗಿ ನಾಲ್ಕು ದಿನಗಳನ್ನು ಕೈಬಿಡಲಾಗಿದೆ ಎಂಬ ಸಾಲಿನೊಂದಿಗೆ ಆ ಪೇಪರ್ ಅಚ್ಚಾಗಿತ್ತು.

“ಬಂತು ಉಮ್ಮ,” ಎಂದೆ.